ಬಟ್ಟಲಿಗೆ ಹಾಕಿದ್ದನ್ನು ಹೇಳಲಿಲ್ಲ

ಹೋದ ತಿಂಗಳು ಪರಿಚಯದವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಪೂಜೆ ಮುಗಿದು ಪುರೋಹಿತರು ತೀರ್ಥ ಹಿಡಿದು ಬಂದರು. ಎಲ್ಲರ ಹಾಗೆ ನಾನೂ ಬಲಗೈ ಒಡ್ಡಿದೆ. ಅಂಗೈಗೆ ಬಿದ್ದ ಆ ಒಂದು ಚಮಚ ನೀರಿನಿಂದ ಕರ್ಪೂರದ ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಬಾಯಿ ನನ್ನ ಅಪ್ಪಣೆಗೂ ಕಾಯದೆ, “ಇದಕ್ಕೆ ಏನೇನ್ ಹಾಕಿದೀರಿ?” ಅಂದುಬಿಟ್ಟಿತು.

ಪುರೋಹಿತರು ತಬ್ಬಿಬ್ಬಾದರು. “ತೀರ್ಥ ಅಲ್ವೇನಮ್ಮಾ, ಏನ್ ಹಾಕ್ತಾರೆ? ನೀರು, ತುಳಸಿ, ಏಲಕ್ಕಿ, ಚೂರೇ ಚೂರು ಪಚ್ಚಕರ್ಪೂರ. ಯಾಕೆ, ಅಲರ್ಜಿ ಏನಾದ್ರೂ ಇದ್ಯಾ?” ಅಂದರು. ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ನಗದೆ ಇದ್ದವನು ನನ್ನ ಗಂಡ ಶ್ರೀಧರ ಒಬ್ಬನೇ. ಅವನು ನೆಲ ನೋಡುತ್ತಾ ನಿಂತಿದ್ದ. ಯಾರಿಗೂ ಕಾಣದ ಹಾಗೆ ಆ ತೀರ್ಥವನ್ನು ಒಂದು ಹೂಕುಂಡಕ್ಕೆ ಸುರಿದು ಬಂದೆ.

ನಾನು ಹಾಗೆ ಕೇಳಿದ್ದಕ್ಕೆ ಕಾರಣ ಮೂರು ವರ್ಷದ ಹಿಂದಿನದು. ಫೆಬ್ರವರಿಯಿಂದ ಜೂನ್‌ವರೆಗಿನ ಒಂದು ವಸಂತದ ಕಥೆ. ಹೇಳಿಕೊಂಡು ಹೆಮ್ಮೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಕೇಳಿದವರ ಮುಂದೆಲ್ಲ ನಾನು ಅದನ್ನು ಸ್ವಲ್ಪ ಸ್ವಲ್ಪ ತಿದ್ದಿ, ನನಗೆ ಅನುಕೂಲವಾಗುವ ಹಾಗೆ ಹೇಳುವುದನ್ನು ಕಲಿತುಬಿಟ್ಟಿದ್ದೇನೆ. ಒಂದು ಸಲವಾದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು.

ಆ ವರ್ಷ ಚಳಿಗಾಲದಲ್ಲಿ ಮಳೆ ಬಿಟ್ಟೂಬಿಡದೆ ಹೊಡೆದಿತ್ತು. ನಾವಿರುವ ಯೂನಿಯನ್ ಸಿಟಿಯ ಹಿಂದಿನ ಗುಡ್ಡಗಳು ಫೆಬ್ರವರಿಯಲ್ಲೇ ಕಣ್ಣು ಕುಕ್ಕುವಷ್ಟು ಹಸಿರಾಗಿದ್ದವು. ನನಗೆ ನಲವತ್ತಮೂರು. ಪಾಲೋ ಆಲ್ಟೋದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗು, ಅಂದರೆ ಬೇರೆಯವರ ತಪ್ಪು ಹುಡುಕಿ ನಯವಾಗಿ ಹೇಳುವ ಕೆಲಸ. ಕನ್ನಡದವರ ಕಾರ್ಯಕ್ರಮಗಳಲ್ಲಿ ಪೇಪರ್ ಪ್ಲೇಟು ಜೋಡಿಸುವ ಜವಾಬ್ದಾರಿ ಹದಿನಾಲ್ಕು ವರ್ಷದಿಂದ ನನ್ನದೇ. ಚೆನ್ನಾಗಿಯೇ ಜೋಡಿಸುತ್ತಿದ್ದೆ. ಆದರೆ ಪ್ಲೇಟು ಜೋಡಿಸುವವಳ ಮುಖವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ.

ಒಂದು ಶನಿವಾರ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಒಂದು ಹಳದಿ ಕಾಗದ ನೋಡಿದೆ. ಪೇಗನ್ ಆಚರಣೆಗಳನ್ನು ಸುರಕ್ಷಿತವಾಗಿ ಮಾಡುವುದು ಹೇಗೆ ಎಂದು ಹೊಸಬರಿಗೆ ಹೇಳಿಕೊಡುವ ಕ್ಲಾಸು, ಭಾನುವಾರ ಬೆಳಿಗ್ಗೆ, ಬರ್ಕ್ಲಿಯಲ್ಲಿ. ಪೇಗನ್ ಅಂದರೆ, ಯುರೋಪಿಗೆ ಚರ್ಚು ಬರುವ ಮುಂಚೆ ಜನ ಸೂರ್ಯನಿಗೆ, ಋತುಗಳಿಗೆ, ಮರಕ್ಕೆ, ಬೆಂಕಿಗೆ ನಡೆದುಕೊಳ್ಳುತ್ತಿದ್ದ ಪದ್ಧತಿಗಳನ್ನು ಈಗಿನವರು ತಮಗೆ ತಿಳಿದಂತೆ ಮತ್ತೆ ಕಟ್ಟಿಕೊಂಡು ಮಾಡುವುದು. ನನಗೆ ನಗು ಬಂತು. ದೀಪ ಹಚ್ಚುವುದಕ್ಕೂ ಕ್ಲಾಸೇ? ನೋಡಿಯೇ ಬರೋಣ ಎಂದು ಹೋದೆ. ಮನೆಯಲ್ಲಿ ಮೆಡಿಟೇಷನ್ ಕ್ಲಾಸು ಅಂತ ಹೇಳಿದೆ. ಆ ವಸಂತದ ಮೊದಲ ಸುಳ್ಳು ಅದು. ಸಣ್ಣದು.

ಕ್ಲಾಸು ಎಲೆನ್ ಎಂಬುವರ ಮನೆಯ ಹಿತ್ತಲಿನಲ್ಲಿ. ಎಲೆನ್‌ಗೆ ಅರವತ್ತೆಂಟು. ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿ ನಿವೃತ್ತರಾದವರು. ಡ್ರೈವರ್ ಕೆಲಸ ಬಿಟ್ಟರೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಬೀದಿಯ ಇಬ್ಬರು ಮುದುಕರನ್ನು ವಾರಕ್ಕೆ ಮೂರು ದಿನ ತಮ್ಮ ಕಾರಿನಲ್ಲಿ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಮೊದಲ ದಿನ ಮೇಜಿನ ಮೇಲೆ ಒಂದು ಮೋಂಬತ್ತಿ, ಮುಚ್ಚಳ, ಮರಳಿನ ಡಬ್ಬ, ನೀರಿನ ಬಕೆಟ್ಟು ಇಟ್ಟು, “ಇವತ್ತು ಹಚ್ಚುವುದಿಲ್ಲ. ಆರಿಸುವುದು ಕಲಿಯೋಣ” ಅಂದರು. ಏಳು ಜನ ಸಾಲಾಗಿ ನಿಂತು ಉರಿಯದ ಮೋಂಬತ್ತಿಗೆ ಮುಚ್ಚಳ ಹಾಕುವುದನ್ನು ಅಭ್ಯಾಸ ಮಾಡಿದೆವು. ನಾನು ತುಟಿ ಕಚ್ಚಿಕೊಂಡು ನಗು ತಡೆದೆ.

ಆಮೇಲಿನ ವಾರಗಳಲ್ಲೂ ಹೀಗೆಯೇ. ಕೂದಲು ಕಟ್ಟಿಕೊಳ್ಳಿ, ಜೋಲಾಡುವ ತೋಳು ಬೇಡ. ಹೊಗೆ ಹಾಕುವ ಮುಂಚೆ ಆ ಕೋಣೆಯಲ್ಲಿ ಯಾರಿಗೆ ಉಬ್ಬಸ ಇದೆ, ಪಂಜರದಲ್ಲಿ ಹಕ್ಕಿ ಇದೆಯೇ ಕೇಳಿ, ಕಿಟಕಿ ತೆಗೆಯಿರಿ. ಇಲ್ಲಿನ ಮೂಲನಿವಾಸಿಗಳು ಪವಿತ್ರವೆಂದು ಕಾಪಾಡಿಕೊಂಡ ಎಲೆಯನ್ನು ಅಂಗಡಿಯಿಂದ ಕೊಂಡು ತಂದು ಸುಡಬೇಡಿ, ನಿಮ್ಮ ಹಿತ್ತಲಿನ ರೋಸ್‌ಮೇರಿ ಸಾಕು. ಬೇಸಿಗೆ ಶುರುವಾದ ಮೇಲೆ ಗುಡ್ಡದ ಮೇಲೆ ಬೆಂಕಿಯ ಮಾತೇ ಬೇಡ. ವೃತ್ತದಲ್ಲಿ ನಿಂತವರಿಗೆ ಯಾವಾಗ ಬೇಕಾದರೂ ‘ನನಗೆ ಇದು ಬೇಡ’ ಅನ್ನುವ ಹಕ್ಕಿದೆ, ಯಾಕೆ ಅಂತ ಯಾರೂ ಕೇಳುವಂತಿಲ್ಲ. ಆಚರಣೆ ಮುಗಿದ ಮೇಲೆ ಕೂತು ಏನಾದರೂ ತಿನ್ನಿ, ತಲೆ ನೆಲಕ್ಕೆ ಬರಲಿ, ಆಮೇಲೆ ಗಾಡಿ ಓಡಿಸಿ.

ಇವೆಲ್ಲಕ್ಕಿಂತ ದೊಡ್ಡ ನಿಯಮ ಬಟ್ಟಲಿನದು. ಕೊನೆಯಲ್ಲಿ ಎರಡು ಹಿಡಿಯ ಮಣ್ಣಿನ ಬಟ್ಟಲೊಂದು ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತಾರೆ. ಅದಕ್ಕೆ ಏನು ಹಾಕಿದ್ದರೂ ಹೆಸರು ಗಟ್ಟಿಯಾಗಿ ಹೇಳಬೇಕು. “ನೀರಾದರೂ ನೀರು ಅಂತ ಹೇಳಿ. ಹೆಸರು ಹೇಳಲು ನಾಚಿಕೆಯಾಗುವ ವಸ್ತುವನ್ನು ಇನ್ನೊಬ್ಬರ ಬಾಯಿಗೆ ಹಾಕಬೇಡಿ” ಅಂದಿದ್ದರು ಎಲೆನ್.

ಎರಡನೆಯ ವಾರ, ನಿಮ್ಮ ನಿಮ್ಮ ಮನೆಯಿಂದ ಏನು ಆಚರಣೆ ಕಲಿತಿದ್ದೀರಿ ಹೇಳಿ ಅಂದರು. ಒಬ್ಬರು ಕ್ರಿಸ್‌ಮಸ್ ಮರ ಅಂದರು. ಒಬ್ಬರು ಏನೂ ಇಲ್ಲ ಅಂದರು. ನನ್ನ ಸರದಿ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದ ಆ ರೀತಿ ಇದೆಯಲ್ಲ, ಅದು ನನ್ನನ್ನು ಕೆಡಿಸಿತು. ಅಷ್ಟು ಆಸೆಯಿಂದ ನನ್ನ ಮುಖವನ್ನು ಯಾರೂ ಯಾವತ್ತೂ ನೋಡಿರಲಿಲ್ಲ. “ನಮ್ಮಜ್ಜಿ ಊರ ದೇವಿಯ ಪೂಜಾರಿಣಿಯಾಗಿದ್ದಳು. ಕೆಂಡ ಹಾಯುತ್ತಿದ್ದಳು. ಬೆಂಕಿ ಅವಳ ಮಾತು ಕೇಳುತ್ತಿತ್ತು” ಅಂದೆ.

ನಮ್ಮಜ್ಜಿ ಹಾಸನದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರು. ಕೆಂಡ ಹಾಯುವುದಿರಲಿ, ದೀಪಾವಳಿಯಲ್ಲಿ ಸುರುಸುರುಬತ್ತಿಗೂ ಹೆದರಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದವಳು. ದೇವರ ಮನೆಯಲ್ಲಿ ಅವಳ ಪೂಜೆ ಎರಡು ನಿಮಿಷ, ರೇಡಿಯೋದಲ್ಲಿ ವಾರ್ತೆ ಶುರುವಾಗುವ ಮುಂಚೆ ಮುಗಿಯಬೇಕು. ಆ ಬಡಪಾಯಿಯನ್ನು ನಾನು ಬರ್ಕ್ಲಿಯ ಹಿತ್ತಲಿನಲ್ಲಿ ಕೆಂಡದ ಮೇಲೆ ನಡೆಸಿಬಿಟ್ಟೆ. ಅವತ್ತಿನಿಂದ ನಾನು ಅಲ್ಲಿ ಹೊಸಬಳಲ್ಲ, ಹುಟ್ಟಾ ತಿಳಿದವಳು. ಏನಾದರೂ ಸಂದೇಹ ಬಂದರೆ ಜನ ಎಲೆನ್ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡತೊಡಗಿದರು.

ಎಲ್ಲರಿಗಿಂತ ಹೆಚ್ಚು ನಂಬಿದವರು ವಾಲ್ಟರ್. ಅರವತ್ತರ ಪ್ಲಂಬರ್, ಯೂನಿಯನ್ ಸಿಟಿಯಲ್ಲೇ ನಮ್ಮ ಮನೆಗೆ ಎರಡು ಬೀದಿ ಆಚೆ ಇದ್ದವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆ ಬೆಳೆಸಿದ್ದ ಔಷಧಿ ಗಿಡಗಳ ಕುಂಡಗಳು ಉಳಿದಿದ್ದವು. ಅವಕ್ಕೆ ನೀರು ಹಾಕುತ್ತಾ ಹಾಕುತ್ತಾ, ಒಂದೊಂದರ ಹೆಸರು ಕಲಿಯುತ್ತಾ ಈ ಕ್ಲಾಸಿನವರೆಗೆ ಬಂದಿದ್ದರು. ಎಲೆ ಕಿತ್ತರೆ ಮೂರು ಸಲ ಪುಸ್ತಕದೊಂದಿಗೆ ಹೋಲಿಸುವ ಮನುಷ್ಯ. ಪ್ರತಿ ಭಾನುವಾರ ತಮ್ಮ ಟ್ರಕ್ಕಿನಲ್ಲಿ ನನ್ನನ್ನು ಕರೆದುಕೊಂಡು ಹೋಗಿ ಬರುತ್ತಿದ್ದರು. ಫ್ರೀವೇಯಲ್ಲಿ ಆ ಮುಕ್ಕಾಲು ಗಂಟೆ ನನ್ನ ಅಜ್ಜಿಯ ಬಗ್ಗೆ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಅಜ್ಜಿ ವಾರದಿಂದ ವಾರಕ್ಕೆ ದೊಡ್ಡವಳಾಗುತ್ತಾ ಹೋದಳು.

ಮೇ ತಿಂಗಳ ಮೊದಲ ಭಾನುವಾರ ನಮ್ಮದೇ ಆಚರಣೆ, ಒಂಥರಾ ಪರೀಕ್ಷೆ. ಗುಡ್ಡಗಳು ಆಗಲೇ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಬಟ್ಟಲು ವಾಲ್ಟರ್‌ದು, ಬೆಂಕಿ ನನ್ನದು. ನಾನು ಕರ್ಪೂರದ ಆರತಿ ಮಾಡುತ್ತೇನೆ ಅಂದಿದ್ದೆ. ಎಲೆನ್ ತಟ್ಟೆ ಯಾವುದು, ಎಷ್ಟು ಹೊತ್ತು ಉರಿಯುತ್ತದೆ, ಹೊಗೆ ಎಷ್ಟು, ಎಲ್ಲ ಕೇಳಿ ಒಪ್ಪಿದ್ದರು. ಇಂಡಿಯನ್ ಗ್ರೋಸರಿಯಿಂದ ಹೊಸ ಪ್ಯಾಕೆಟ್ಟು ತಂದಿದ್ದೆ.

ವಾಲ್ಟರ್ ಅಡುಗೆಮನೆಯಲ್ಲಿ ಪಾನಕ ಮಾಡಿದರು. ಪುದೀನ ಸೊಪ್ಪು, ನಿಂಬೆಯ ವಾಸನೆಯ ಲೆಮನ್ ಬಾಮ್ ಎಂಬ ಇನ್ನೊಂದು ಸೊಪ್ಪು, ಜೇನು, ನೀರು. ಬಟ್ಟಲಿಗೆ ಸುರಿದು, ಮೇಜು ಸರಿಮಾಡಲು ಹೊರಗೆ ಹೋದರು. ನಾನೊಬ್ಬಳೇ ಉಳಿದೆ. ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದರಲ್ಲಿ ಕರ್ಪೂರದ ಪ್ಯಾಕೆಟ್ಟು. ದೇವಸ್ಥಾನದ ತೀರ್ಥದ ಘಮ ನೆನಪಾಯಿತು. ಇವರು ಕುಡಿದು ಕಣ್ಣರಳಿಸಿ ‘ಇದೇನಿದು?’ ಅನ್ನಬೇಕು, ಆಗ ನಾನು ಮೆಲ್ಲಗೆ ನಕ್ಕು, ‘ನಮ್ಮ ಕಡೆ ಹೀಗೆ’ ಅನ್ನಬೇಕು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ನಾಲ್ಕೋ ಐದೋ ಬಿಲ್ಲೆಗಳನ್ನು ಬೆರಳಲ್ಲಿ ಪುಡಿಮಾಡಿ ಬಟ್ಟಲಿಗೆ ಉದುರಿಸಿ ಕಲಕಿದೆ. ಪುಡಿ ಕರಗಲಿಲ್ಲ. ಪುದೀನ ಎಲೆಗಳಿಗೆ ಅಂಟಿಕೊಂಡಿತು.

ಯಾಕೆ ಹೇಳಲಿಲ್ಲ ಎಂಬುದಕ್ಕೆ ಚಮತ್ಕಾರದ ಆಸೆ ಅರ್ಧ ಕಾರಣ. ಉಳಿದರ್ಧ ಇದು: ಹೇಳಿದರೆ ಎಲೆನ್, “ಇದು ತಿನ್ನುವಂಥದ್ದೇ?” ಅಂತ ಕೇಳುತ್ತಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ವೃತ್ತದಲ್ಲಿ ನಿಂತೆವು. ನಾನು ಆರತಿ ಎತ್ತಿದೆ, ಹಿತ್ತಲೆಲ್ಲ ಕರ್ಪೂರದ ವಾಸನೆ. ಆಮೇಲೆ ವಾಲ್ಟರ್ ಬಟ್ಟಲು ಎತ್ತಿ ಹಿಡಿದು ನಾಲ್ಕು ಹೆಸರು ಹೇಳಿದರು. ಎಲೆನ್ ಕ್ರಮದಂತೆ ಕೇಳಿದರು. “ಇಷ್ಟೇನಾ?”

“ಇಷ್ಟೇ” ಅಂದರು ವಾಲ್ಟರ್. ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಬಟ್ಟಲು ಸುತ್ತು ಬಂತು. ಯಾರೂ ಕಣ್ಣರಳಿಸಲಿಲ್ಲ. ಆರತಿಯ ವಾಸನೆಯಲ್ಲಿ ಅದೂ ಸೇರಿಹೋಗಿತ್ತು. ನಾನು ತುಟಿ ತಾಗಿಸಿದೆ, ಕಹಿ, ಕುಡಿಯದೆ ಮುಂದೆ ಕೊಟ್ಟೆ. ಕೊನೆಯವರು ಎಲೆನ್. ಏನೂ ಉಳಿಸಬಾರದು ಎಂಬುದು ಅವರದೇ ಪದ್ಧತಿ. ತಳದ ಎಲೆಗಳನ್ನೂ ಬಾಯಿಗೆ ಹಾಕಿ ಅಗಿದು, “ಪುದೀನ ಸಕತ್ ಜೋರಾಗಿದೆ, ವಾಲ್ಟರ್” ಅಂತ ಮುಖ ಕಿವುಚಿ ನಕ್ಕರು.

ಬ್ರೆಡ್ಡು ತಿನ್ನುತ್ತಾ ಕೂತಿದ್ದಾಗ, ಒಂದು ಇಪ್ಪತ್ತು ನಿಮಿಷ ಆಗಿರಬೇಕು, ಎಲೆನ್ ಮಾತಿನ ಮಧ್ಯೆ ನಿಲ್ಲಿಸಿದರು. ಕೈಯಲ್ಲಿದ್ದ ಬ್ರೆಡ್ಡು ಬಿತ್ತು. ಆಮೇಲೆ ಅವರೂ ಬಿದ್ದರು. ಕೈಕಾಲು ಸೆಟೆದು ಅದುರತೊಡಗಿದವು, ಹಣೆ ಮೇಜಿನ ಕಾಲಿಗೆ ಬಡಿದು ರಕ್ತ ಬಂತು. ವಾಲ್ಟರ್ ಓಡಿ ಹೋಗಿ ಅವರನ್ನು ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ತಮ್ಮ ಜಾಕೆಟ್ಟು ಇಟ್ಟರು. ಯಾರೋ ಆ್ಯಂಬುಲೆನ್ಸಿಗೆ ಫೋನು ಮಾಡಿದರು. ನಾನು ಏನು ಮಾಡಿದೆ ಗೊತ್ತೇ? ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋಗಿ ಸೋಪು ಹಾಕಿ ತೊಳೆದೆ. ಗಾಬರಿಯಲ್ಲಿ ಕೈ ತಾನಾಗಿ ತೊಳೆಯಿತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ತಾನಾಗಿ ತೊಳೆಯುವ ಕೈ ಎರಡು ಸಲ ಸೋಪು ಹಾಕುವುದಿಲ್ಲ.

ಆ್ಯಂಬುಲೆನ್ಸಿನಲ್ಲಿ ಬಂದ ಹೆಂಗಸು ಏನು ಕುಡಿದರು, ಏನು ತಿಂದರು ಅಂತ ಕೇಳಿದಳು. ವಾಲ್ಟರ್ ಅದೇ ನಾಲ್ಕು ಹೆಸರು ಹೇಳಿದರು. ಅವಳು ನಮ್ಮೆಲ್ಲರ ಮುಖ ನೋಡಿ, “ಬೇರೆ ಏನಾದರೂ?” ಅಂದಳು. ನನ್ನ ಕಡೆ ಕಣ್ಣು ಬಂದಾಗ ನಾನು, “ಇಲ್ಲ” ಅಂದೆ.

ಮನೆಗೆ ಬಂದು ಪ್ಯಾಕೆಟ್ಟು ಮೇಜಿನ ಮೇಲೆ ಇಟ್ಟು ಕೂತೆ. ಆ ವರ್ಷ ಮಂಡ್ಯದಿಂದ ನಮ್ಮತ್ತೆ ಬಂದಿದ್ದರು. ಕನ್ನಡಕ ಹುಡುಕುತ್ತಾ ಬಂದವರು ನನ್ನ ಮುಖ ನೋಡಿ ಪಕ್ಕದಲ್ಲಿ ಕೂತರು. ಮೆಡಿಟೇಷನ್ನಿನ ಸುಳ್ಳಿನಿಂದ ಹಿಡಿದು ಎಲ್ಲ ಅವರಿಗೆ ಹೇಳಿಬಿಟ್ಟೆ. ಅತ್ತೆ ಬೈಯಲಿಲ್ಲ. ಪ್ಯಾಕೆಟ್ಟು ಎತ್ತಿ ಮೂಸಿದರು.

“ಅಯ್ಯೋ, ಇದು ಆರತಿ ಕರ್ಪೂರ ಕಣವ್ವ. ತೀರ್ಥುಕ್ಕೆ ಹಾಕೋದು ಪಚ್ಚಕರ್ಪೂರ, ಅದೂ ಸಾಸಿವೆ ಕಾಳಷ್ಟು. ಇದ ಮಕ್ಳ ಕೈಗೂ ಕೊಡಕ್ಕಿಲ್ಲ ನಾವು. ಇಷ್ಟ್ ವರ್ಸ ಮನೇಲಿ ಎರಡ್ನೂ ನೋಡೀಯಲ್ಲ, ಗೊತ್ತಾಗ್ನಿಲ್ವಾ?”

ನೋಡಿದ್ದೆ. ದೇವರ ಗೂಡಿನಲ್ಲಿ ಎರಡು ಬೇರೆ ಬೇರೆ ಡಬ್ಬಿ. ಯಾಕೆ ಎರಡು ಅಂತ ಒಂದು ದಿನವೂ ಕೇಳಿರಲಿಲ್ಲ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ, ಸೇವಿಸಬಾರದು ಅಂತ ಬರೆದೇ ಇತ್ತು. ದಿನವಿಡೀ ಬೇರೆಯವರ ತಪ್ಪು ಹುಡುಕುವವಳಿಗೆ ಅದು ಕಂಡಿರಲಿಲ್ಲ.

“ಈಗ್ಲೇ ಫೋನ್ ಮಾಡಿ ಹೇಳ್ಬುಡವ್ವ. ಡಾಕುಟ್ರಿಗೆ ಗೊತ್ತಾಗ್ಬೇಕಲ್ವಾ?” ಅಂದರು ಅತ್ತೆ.

ಅಷ್ಟರಲ್ಲಿ ಶ್ರೀಧರ ಕ್ರಿಕೆಟ್ ಮುಗಿಸಿ ಬಂದ. ವಿಷಯ ಕೇಳಿ ಬ್ಯಾಟು ಹಿಡಿದುಕೊಂಡೇ ಕೂತ. “ಸುಮಾ, ಪ್ಲೀಸ್. ಜೂನಲ್ಲಿ ಗ್ರೀನ್ ಕಾರ್ಡ್ ಇಂಟರ್ವ್ಯೂ ಇದೆ. ಹನ್ನೊಂದು ವರ್ಷದಿಂದ ಕಾಯ್ತಾ ಇದೀವಿ. ಪಾಯ್ಸನಿಂಗು, ಪೊಲೀಸು ಅಂತ ಏನಾದ್ರೂ ಆದ್ರೆ ಮುಗೀತು. ಇಂಟರ್ವ್ಯೂ ಆಗ್ಲಿ, ಆಮೇಲೆ ಹೇಳು. ಅವ್ರು ಹಾಸ್ಪಿಟಲ್ಲಲ್ಲಿ ಇದಾರಲ್ಲ, ನೋಡ್ಕೋತಾರೆ.”

ಗಂಡನ ಮೇಲೆ ತಪ್ಪು ಹೊರಿಸುವುದು ಸುಲಭ. ಅವನು ಅಂದದ್ದು ಭಯಕ್ಕೆ. ಆದರೆ ಅವನು ಹಾಗಂದಾಗ ನನ್ನ ಎದೆ ಹಗುರವಾಯಿತು, ನನಗೆ ಬೇಕಾದ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದ್ದೆ.

ಎರಡು ದಿನ ಬಿಟ್ಟು ವಾಲ್ಟರ್ ಫೋನು ಮಾಡಿ, ಎಲೆನ್‌ರನ್ನು ನೋಡಿ ಬರೋಣ ಬಾ ಅಂದರು. ಎಲೆನ್ ಹಾಸಿಗೆಯ ಮೇಲೆ ಕೂತಿದ್ದರು, ಹಣೆಗೆ ಹೊಲಿಗೆ. ಮಾತು ನಿಧಾನವಾಗಿತ್ತು, ಫಿಟ್ಸ್ ಬರದಿರಲೆಂದು ಕೊಟ್ಟ ಔಷಧಿಯಿಂದ. ಕಾರಣ ಗೊತ್ತಾಗಿಲ್ಲ, ಯಾವುದೋ ಗಿಡ ಇರಬೇಕು, ಇಲ್ಲದಿದ್ದರೆ ಮಿದುಳಿನಲ್ಲೇ ಏನೋ ಇರಬೇಕು, ಇನ್ನೂ ಪರೀಕ್ಷೆಗಳಿವೆ ಅಂದರು. ಕಾರಣ ಗೊತ್ತಿಲ್ಲದ ಫಿಟ್ಸ್ ಆದ್ದರಿಂದ ಡ್ರೈವಿಂಗ್ ಲೈಸೆನ್ಸು ತಡೆಹಿಡಿಯುತ್ತಾರಂತೆ. “ಆ ಇಬ್ಬರನ್ನು ಡಯಾಲಿಸಿಸ್‌ಗೆ ಯಾರು ಕರೆದುಕೊಂಡು ಹೋಗುತ್ತಾರೋ” ಅಂದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅವರ ಕೈ ಹಿಡಿದುಕೊಂಡು, ಎಲ್ಲ ಸರಿಹೋಗುತ್ತದೆ ಅಂದೆ.

ವಾಪಸ್ಸು ಬರುವಾಗ ವಾಲ್ಟರ್ ಫ್ರೀವೇ ಇಳಿದವರೇ ಟ್ರಕ್ಕನ್ನು ಒಂದು ಗ್ಯಾಸ್ ಸ್ಟೇಷನ್ನಿನ ಪಕ್ಕಕ್ಕೆ ನಿಲ್ಲಿಸಿದರು. ಸ್ಟಿಯರಿಂಗ್ ಮೇಲೆ ಹಣೆ ಇಟ್ಟು ಅಳತೊಡಗಿದರು. ಎಲ್ಲ ಗಿಡಗಳನ್ನೂ ಕಿತ್ತು ಬಿಸಾಕಿದೆ ಅಂದರು. ಹೆಂಡತಿ ಬೆಳೆಸಿದ್ದ ಒಂದನ್ನೂ ಉಳಿಸಿಲ್ಲ ಅಂದರು. “ಮೂರು ಸಲ ನೋಡಿದ್ದೆ. ಆದರೂ ಯಾವುದೋ ಬೇರೆ ಎಲೆ ಸೇರಿಸಿಬಿಟ್ಟಿದ್ದೇನೆ. ನನ್ನ ಕೈಯಾರೆ ಎಲೆನ್‌ಗೆ ವಿಷ ಕೊಟ್ಟೆ.”

ನಾನು ಅಂದೆ, “ತಪ್ಪು ಯಾರಿಂದ ಆಗುವುದಿಲ್ಲ, ವಾಲ್ಟರ್? ಬೇಕೆಂದು ಮಾಡಿದ್ದಲ್ಲವಲ್ಲ. ನಿಮ್ಮನ್ನು ನೀವು ಕ್ಷಮಿಸಿಕೊಳ್ಳಿ.”

ಅವರು ತಲೆ ಎತ್ತಿದರು. “ನನ್ನಿಂದ ಆಗುತ್ತಿಲ್ಲ. ನಿನ್ನ ಅಜ್ಜಿ ಇದ್ದಿದ್ದರೆ ಏನಾದರೂ ಮಾಡುತ್ತಿದ್ದಳಲ್ಲವೇ? ತಪ್ಪು ಮಾಡಿ ಬಂದವರಿಗೆ? ಅದನ್ನು ನನಗೆ ಮಾಡುತ್ತೀಯಾ?” ಎಂದು ಕೇಳಿ, ಕ್ಯಾಪು ತೆಗೆದು ನನ್ನ ಮುಂದೆ ತಲೆ ಬಗ್ಗಿಸಿದರು.

ಕೂದಲು ತೆಳ್ಳಗಾದ, ಬಿಸಿಲಿಗೆ ಕೆಂಪಾದ ನೆತ್ತಿ. ನಾನು ಅದರ ಮೇಲೆ ಬಲಗೈ ಇಟ್ಟೆ. ಏನೋ ಪಿಸುಗುಟ್ಟಿದೆ ಕೂಡ. ಮಂತ್ರ ಯಾವುದೂ ಸರಿಯಾಗಿ ಬರದ್ದರಿಂದ ಕನ್ನಡದಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿದೆ. ಅವರು ಕಣ್ಣು ಒರೆಸಿಕೊಂಡು, “ಥ್ಯಾಂಕ್ ಯೂ” ಅಂದರು. ನಾನು, “ಇರಲಿ” ಅಂದೆ. ಈ ಸಾಲು ಬರೆಯುವಾಗಲೂ ನನಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಅಲ್ಲಿಂದ ಐದು ವಾರ. ಅತ್ತೆ ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದರು. “ಆ ಯಮ್ಮ ಹೆಂಗವ್ರಂತೆ?” ನಾನು, “ಪರವಾಗಿಲ್ವಂತೆ” ಅನ್ನುತ್ತಿದ್ದೆ. ದಾರಿಯಲ್ಲಿ ವಾಲ್ಟರ್ ಟ್ರಕ್ಕು ಕಂಡರೆ ಬೇರೆ ಬೀದಿಗೆ ತಿರುಗುತ್ತಿದ್ದೆ.

ಜೂನಿನಲ್ಲಿ ಇಂಟರ್ವ್ಯೂ ಆಯಿತು. ಶುರುವಿಗೆ ಆಫೀಸರು ಎದ್ದು ನಿಂತು ಬಲಗೈ ಎತ್ತಲು ಹೇಳಿದರು, ನಿಜವನ್ನೇ ಹೇಳುತ್ತೇವೆಂದು ಪ್ರಮಾಣ. ಎತ್ತಿದೆ. ಎಲ್ಲ ಪ್ರಶ್ನೆಗೂ ನಿಜವನ್ನೇ ಹೇಳಿದೆ, ಯಾಕೆಂದರೆ ಅವರು ಕರ್ಪೂರದ ಬಗ್ಗೆ ಕೇಳಲಿಲ್ಲ. ಮಂಜೂರಾಗಿದೆ ಅಂದರು. ಶ್ರೀಧರ ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ಎತ್ತಿಕೊಂಡು ಸುತ್ತು ಹಾಕಿದ. ಸಿಹಿ ತಂದು ಅತ್ತೆಗೆ ಕೊಟ್ಟರೆ ಅವರು ಕೈಗೆ ತೆಗೆದುಕೊಂಡು ತಟ್ಟೆಯಲ್ಲೇ ಇಟ್ಟರು.

“ನಿಮ್ ಕೆಲ್ಸ ಆಯ್ತಲ್ಲ. ಇನ್ನ ಆ ಯಮ್ಮಂದು ನೋಡು” ಅಂದರು.

ಮರುದಿನ ರಜೆ ಹಾಕಿ, ಪ್ಯಾಕೆಟ್ಟು ಚೀಲದಲ್ಲಿಟ್ಟುಕೊಂಡು ಟ್ರೈನು ಹತ್ತಿ ಬರ್ಕ್ಲಿಗೆ ಹೋದೆ. ಹೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಎಲೆನ್ ಬಾಗಿಲು ತೆಗೆದಾಗ ಅವೆಲ್ಲ ಮರೆತು ಪ್ಯಾಕೆಟ್ಟನ್ನೇ ಅವರ ಕೈಗೆ ಕೊಟ್ಟೆ. “ಬಟ್ಟಲಿಗೆ ಇದನ್ನು ಹಾಕಿದ್ದೆ” ಅಂದೆ.

ಎಲೆನ್ ಹಿಂದುಮುಂದು ತಿರುಗಿಸಿ ಓದಿದರು. “ಎಷ್ಟು?” ಅಂದರು. ಹೇಳಿದೆ. ತಕ್ಷಣ ಡಾಕ್ಟರಿಗೆ ಫೋನು ಹಚ್ಚಿ, ಪ್ಯಾಕೆಟ್ಟಿನ ಮೇಲಿನ ಪ್ರತಿ ಅಕ್ಷರ ಓದಿ ಹೇಳಿ, ನಂತರ ಫೋನನ್ನು ನನಗೆ ಕೊಟ್ಟು, “ಈಗ ನೀನು ಹೇಳು” ಅಂದರು. ಬಟ್ಟಲು ತೊಳೆದದ್ದನ್ನೂ ಬಿಡದೆ ಹೇಳಿದೆ. ಡಾಕ್ಟರು ಎಲ್ಲ ಕೇಳಿಕೊಂಡು, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ, ಇದನ್ನು ಅವತ್ತೇ ಹೇಳಿದ್ದರೆ ಇಷ್ಟು ಪರೀಕ್ಷೆ, ಇಷ್ಟು ಔಷಧಿ ಬೇಕಿರಲಿಲ್ಲ ಅಂದರು. ಲೈಸೆನ್ಸಿನ ಕಾಗದಗಳನ್ನು ಮತ್ತೆ ಕಳಿಸುತ್ತೇನೆ, ಆದರೆ ತಿಂಗಳುಗಳು ಹಿಡಿಯುತ್ತವೆ ಅಂದರು.

ಎಲೆನ್ ನನ್ನನ್ನು ಕೂರಲು ಹೇಳಲಿಲ್ಲ. “ಬಟ್ಟಲಿಗೆ ಹಾಕಿದ್ದು ತಪ್ಪು. ಅಂಥ ತಪ್ಪು ಆಗುತ್ತದೆ ಎಂದೇ ಕ್ಲಾಸು ಮಾಡುವುದು. ಬಟ್ಟಲು ತೊಳೆದೆಯಲ್ಲ, ಅದನ್ನು ನಾನು ಯಾವ ಕ್ಲಾಸಿನಲ್ಲೂ ಹೇಳಿಕೊಡಲಾರೆ” ಅಂದರು. ಸಿಟ್ಟಿನಿಂದಲ್ಲ, ಬಸ್ಸಿನಲ್ಲಿ ಮಗುವಿಗೆ ಕೂರಲು ಹೇಳುವಷ್ಟೇ ದನಿಯಲ್ಲಿ. “ಇನ್ನು ವಾಲ್ಟರ್. ಅವನಿಗೆ ನಾನು ಹೇಳುವುದಿಲ್ಲ. ನೀನೇ ಹೇಳಬೇಕು, ಇವತ್ತೇ.”

ಮಧ್ಯಾಹ್ನ ಮೂರಕ್ಕೆ ವಾಲ್ಟರ್ ಮನೆಯ ಬೆಲ್ಲು ಒತ್ತಿದೆ. ವರಾಂಡದ ಮೂಲೆಯಲ್ಲಿ ಖಾಲಿ ಕುಂಡಗಳು ಒಂದರೊಳಗೊಂದು ಇದ್ದವು. ನನ್ನನ್ನು ಕಂಡು ಅವರಿಗೆ ಎಷ್ಟು ಖುಷಿಯಾಯಿತೆಂದರೆ, “ಬಾ ಬಾ, ಕಾಫಿ ಮಾಡುತ್ತೇನೆ” ಎಂದು ಒಳಗೆ ಹೊರಟೇಬಿಟ್ಟರು. ನಾನು ಹೊಸ್ತಿಲಿನಾಚೆಯೇ ನಿಂತು ಹೇಳಿದೆ. ಕರ್ಪೂರ ಹೇಳಿದೆ. ಬಟ್ಟಲು ತೊಳೆದದ್ದು ಹೇಳಿದೆ. ಎಲೆಗಳಲ್ಲಿ ಏನೂ ತಪ್ಪಿರಲಿಲ್ಲ, ನಿಮ್ಮ ನಾಲ್ಕೂ ಹೆಸರು ಸರಿಯಾಗಿದ್ದವು ಅಂದೆ. ನಮ್ಮಜ್ಜಿ ಹೊಲಿಗೆ ಟೀಚರು ಎಂಬುದನ್ನೂ ಹೇಳಿದೆ.

ವಾಲ್ಟರ್ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿಸಿಕೊಂಡರು. ಬೈಯುತ್ತಾರೆ ಎಂದು ಕಾದೆ. ಅವರು ಕುಂಡಗಳ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು.

“ಅವತ್ತು ಟ್ರಕ್ಕಿನಲ್ಲಿ ನನ್ನ ತಲೆಯ ಮೇಲೆ ಕೈ ಇಟ್ಟೆಯಲ್ಲ,” ಅಂದರು. “ಆಗಲೂ ನಿನಗೆ ಇದೆಲ್ಲ ಗೊತ್ತಿತ್ತಾ?”

“ಗೊತ್ತಿತ್ತು” ಅಂದೆ.

ಅವರು ಕ್ಯಾಪು ತೆಗೆದರು. ಅಂಗೈಯಿಂದ ನೆತ್ತಿಯನ್ನು ಒಂದು ಸಲ, ಮತ್ತೊಂದು ಸಲ, ಚೆನ್ನಾಗಿ ಒರೆಸಿಕೊಂಡರು. ಕ್ಯಾಪು ಹಾಕಿಕೊಂಡು ಬಾಗಿಲು ಮುಚ್ಚಿದರು.